ಹಳೆ ಅಮೆರಿಕದ ನೋಟು, ಫಾರಂ, ಪತ್ರಿಕೆ: ಮೂರನ್ನೂ ಕೊಂಡು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. 18ನೇ ಶತಮಾನದ ಅಮೆರಿಕದಲ್ಲಿ ಅಚ್ಚಾದ ಕಾಗದ ಕೂಡಿಡುವ ಆಸೆ ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಪತ್ರಿಕೆ ಕೊಳ್ಳಿ. ನೋಟಿಗೂ ಹೋಗಬೇಡಿ, ಖಾಲಿ ಜಾಗದಲ್ಲಿ ಕೈಯಿಂದ ತುಂಬಿದ ಫಾರಂಗೂ ಹೋಗಬೇಡಿ. ಅವೆರಡನ್ನೂ ನಾನು ಕೊಂಡಿದ್ದೇನೆ. ಒಂದರಲ್ಲಿ ಚೆನ್ನಾಗಿ ಮೋಸ ಹೋಗಿದ್ದೇನೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ. ಹುಟ್ಟಿದ್ದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯಲ್ಲಿ. ಇದಕ್ಕೆ ಅಂತ ತಿಂಗಳಿಗೆ 60 ಡಾಲರ್ ಎತ್ತಿಡುತ್ತೇನೆ. ಒಂದು ತಿಂಗಳು ಏನೂ ಸಿಗಲಿಲ್ಲ ಅಂದರೆ ಮುಂದಿನ ತಿಂಗಳಿಗೆ ಸೇರುತ್ತದೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಶುರು ಮಾಡಿದ್ದು ನೋಟಿನಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಚಿತ್ರ ಚೆಂದ, ಮೇಲೆ 1776 ಅಂತ ಅಚ್ಚಾಗಿರುತ್ತದೆ. ಸ್ವಾತಂತ್ರ್ಯ ಯುದ್ಧದ ಖರ್ಚಿಗೆ 13 ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ 1775ರಿಂದ 1779ರವರೆಗೆ ಸುಮಾರು 24 ಕೋಟಿ ಡಾಲರಿನಷ್ಟು ನೋಟು ಹೊರಡಿಸಿತು. ಆ ನೋಟಿಗೆ ಆಧಾರವಾಗಿ ಚಿನ್ನ ಬೆಳ್ಳಿ ಇರಲಿಲ್ಲ. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಅಂತ ಲೆಕ್ಕ ಕಟ್ಟಿತು. ಆಮೇಲೆ ಅದಕ್ಕೂ ಬೆಲೆ ಉಳಿಯಲಿಲ್ಲ. ಅಷ್ಟೊಂದು ಅಚ್ಚು ಹಾಕಿದ್ದರಿಂದಲೇ ಇವತ್ತಿಗೂ ನಮ್ಮಂಥವರ ಕೈಗೆಟಕುವ ಬೆಲೆಗೆ ಸಿಗುತ್ತವೆ.

ನನಗೆ ಬೇಕಿದ್ದದ್ದು 1776ರ ಫೆಬ್ರವರಿ 17ರ ಅರ್ಧ ಡಾಲರಿನ ನೋಟು. ಅದರ ಮೇಲೆ ಸೂರ್ಯ, ಕೆಳಗೆ ನೆರಳು ಗಡಿಯಾರ, ಪಕ್ಕದಲ್ಲಿ ‘ಫುಗಿಯೋ’ ಅನ್ನುವ ಲ್ಯಾಟಿನ್ ಮಾತು. ಓಡುತ್ತಿದ್ದೇನೆ ಅಂತ ಕಾಲ ಹೇಳಿದ ಹಾಗೆ. ಕೆಳಗೆ ‘ಮೈಂಡ್ ಯುವರ್ ಬಿಸಿನೆಸ್’. ಹಿಂಬದಿಯಲ್ಲಿ 13 ಉಂಗುರಗಳ ಸರಪಳಿ. ಒಂದು ಸಣ್ಣ ಊರಿನ ಹಳೆ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇದೇ ನೋಟು ಕಂಡಿತು. 85 ಡಾಲರ್. ಒಬ್ಬ ಮುದುಕರ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು ಅಂದರು ಅಂಗಡಿಯವರು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಕೊಂಡೆ.

ಮನೆಗೆ ಬಂದು ತೆಗೆದಾಗ ನಮ್ಮ ಯಜಮಾನರು ಒಂದೇ ಮಾತು ಕೇಳಿದರು: “ಇದೇನೇ, ಹಪ್ಪಳದ ಥರ ಸದ್ದು ಮಾಡುತ್ತೆ?” ನಿಜ. ಮುಟ್ಟಿದರೆ ಚರಚರ ಅನ್ನುತ್ತಿತ್ತು. ಬಣ್ಣ ಚಹಾದಲ್ಲಿ ಅದ್ದಿದ ಹಾಗೆ, ತುದಿಯಿಂದ ತುದಿಗೆ ಒಂದೇ ಸಮ ಕಂದು. ಹಳೆಯ ಕಾಗದ ಅಂದರೆ ಹೀಗೇ ಇರಬೇಕು ಅಂತ ನಾನಂದುಕೊಂಡಿದ್ದೆ. ಅವತ್ತು ರಾತ್ರಿ ಅಂತರ್ಜಾಲದ ಹರಾಜುಗಳಲ್ಲಿ ಇದೇ ನೋಟಿನ ಫೋಟೋ ಹುಡುಕುತ್ತಾ ಕೂತೆ. ಇನ್ಯಾರೋ ಮಾರಾಟಕ್ಕೆ ಇಟ್ಟಿದ್ದ ಒಂದು ನೋಟು ಸಿಕ್ಕಿತು. ಅದರ ನಂಬರನ್ನು ನನ್ನದರ ಜೊತೆ ಹೋಲಿಸಿದೆ. ಎರಡೂ ಒಂದೇ! ಸಹಿಯೂ ಅದೇ. ಸಹಿಯ ಕೊನೆಯ ಬಾಲದ ಮೇಲಿದ್ದ ಮಸಿಯ ಚುಕ್ಕಿಯೂ ಅದೇ ಜಾಗದಲ್ಲಿತ್ತು. ಆ ಕಾಲದಲ್ಲಿ ಪ್ರತಿ ನೋಟಿಗೂ ಮನುಷ್ಯರು ಕೂತು ಕೈಯಿಂದ ನಂಬರು ಬರೆದು ಸಹಿ ಹಾಕುತ್ತಿದ್ದರು. ಒಂದೇ ನಂಬರು, ಒಂದೇ ಚುಕ್ಕಿ ಎರಡು ನೋಟಿನಲ್ಲಿ ಬರುವುದಕ್ಕೆ ಸಾಧ್ಯವೇ ಇಲ್ಲ. ನಾನು ಕೊಂಡಿದ್ದು ಪ್ರವಾಸಿಗರಿಗೆ ನೆನಪಿಗೆ ಅಂತ ಮಾರುವ ನಕಲು. ಹೊಸದಾಗಿದ್ದಾಗ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಮಾಲು.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ. ಮಾರಿದ ಮೇಲೆ ವಾಪಸ್ ಇಲ್ಲ, ರಸೀದಿಯಲ್ಲಿ ಬರೆದಿದೆ ನೋಡಿ ಅಂದರು. ನೋಡಿದೆ, ಬರೆದಿತ್ತು. 85 ಡಾಲರ್ ಹೋಯಿತು. ನನಗೆ ಅದು ಒಂದೂವರೆ ತಿಂಗಳ ದುಡ್ಡು. ಇಂಥ ನಕಲುಗಳ ಮೇಲೆ ‘ಕಾಪಿ’ ಅಂತ ಎದ್ದು ಕಾಣುವ ಹಾಗೆ ಗುರುತು ಹಾಕಬೇಕು ಅಂತ 1973ರಲ್ಲಿ ಇಲ್ಲಿ ಕಾನೂನೇ ಬಂದಿದೆ. ಅದಕ್ಕೆ ಮುಂಚೆ ಅಚ್ಚಾದವು ಹಾಗೇ ಮನೆಮನೆಯ ಡ್ರಾಯರುಗಳಲ್ಲಿ ಉಳಿದಿವೆ. ಮನೆ ಖಾಲಿ ಮಾಡಿದಾಗ ಹೊರಗೆ ಬರುತ್ತವೆ. ಅಂಗಡಿಯವರಿಗೂ ಗೊತ್ತಿರಲಿಲ್ಲವೇನೋ. ಆದರೆ ಗೊತ್ತಿಲ್ಲದೆ ಅಸಲಿ ಅಂತ ಮಾರಬಾರದು ಅಲ್ವಾ?

ಆರು ತಿಂಗಳು ಬಿಟ್ಟು ಅಸಲಿ ನೋಟು ಕೊಂಡೆ. ಎಲೆಯ ಗುರುತಿರುವ ಡಾಲರ್ ನೋಟು, 110 ಡಾಲರ್. ಫಿಲಡೆಲ್ಫಿಯಾದ ಹಾಲ್ ಮತ್ತು ಸೆಲ್ಲರ್ಸ್ ಮುದ್ರಣಾಲಯದ್ದು. ನಿಜವಾದ ಎಲೆಯ ಪಡಿಯಚ್ಚು ತೆಗೆದು ಹಿಂಬದಿಗೆ ಒತ್ತುವ ವಿದ್ಯೆ ಬೆಂಜಮಿನ್ ಫ್ರಾಂಕ್ಲಿನ್ ಅವರದ್ದು. ಒಂದು ಎಲೆಯ ನರ ಇನ್ನೊಂದು ಎಲೆಗೆ ಹೊಂದುವುದಿಲ್ಲ, ಹಾಗಾಗಿ ಖೋಟಾ ಮಾಡುವವರಿಗೆ ಕಷ್ಟ. ಕಾಗದ ದಪ್ಪ, ಮೆತ್ತಗೆ ಕಾಣುತ್ತದೆ. ಓರೆ ಮಾಡಿ ಬೆಳಕಿಗೆ ಹಿಡಿದರೆ ಕಾಗೆಬಂಗಾರದ ಚೂರುಗಳು ಮಿನುಗುತ್ತವೆ. ಅಲ್ಲಲ್ಲಿ ನೀಲಿ ನೂಲಿನ ಎಳೆಯೂ ಇದೆ. ಈಗ ನಕಲು ನೋಟನ್ನು ಹತ್ತು ಅಡಿ ದೂರದಿಂದ ಗುರುತು ಹಿಡಿಯುತ್ತೇನೆ.

ಅಸಲಿ ಬಂದರೂ ಸಮಾಧಾನ ಆಗಲಿಲ್ಲ. ಮತ್ತೆ ಮೋಸ ಹೋಗುವ ಭಯಕ್ಕೆ, ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡಿದ್ದನ್ನೇ ತೆಗೆದುಕೊಂಡಿದ್ದೆ. ಅದನ್ನು ಮುಟ್ಟುವ ಹಾಗಿಲ್ಲ. ಕವಚ ಒಡೆದರೆ ಮಾರುವಾಗ ಬೆಲೆ ಬೀಳುತ್ತದೆ. ಓದುವುದಕ್ಕೂ ಎರಡು ನಿಮಿಷ ಸಾಕು. ನನಗೆ ಕಾಗದ ಅಂದರೆ ಬೆರಳಿಗೆ ತಾಗಬೇಕು.

ಫಾರಂ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ಅಚ್ಚು, ಅರ್ಧ ಕೈಬರಹದ ಸರ್ಕಾರಿ, ವ್ಯಾಪಾರಿ ಚೀಟಿಗಳು ಇವು. ಇಂಥ ಹಳೆ ಬಿಡಿ ಕಾಗದ ಕೂಡಿಡುವವರ ಸಂಘವಾದ ಎಫೆಮೆರಾ ಸೊಸೈಟಿಯವರು ಮಾರ್ಚ್‌ನಲ್ಲಿ ಕನೆಕ್ಟಿಕಟ್‌ನಲ್ಲಿ ನಡೆಸುವ ಕಾಗದದ ಜಾತ್ರೆಗೆ ಹೋದಾಗ ಒಂದು ಕೊಂಡೆ. ಯುದ್ಧಕಾಲದಲ್ಲಿ ಕನೆಕ್ಟಿಕಟ್‌ನ ಪೇ-ಟೇಬಲ್ ಆಫೀಸು ಖಜಾನೆಗೆ ಬರೆದ ಪಾವತಿ ಚೀಟಿ, 70 ಡಾಲರ್. ಇಂಥವರಿಗೆ ಇಷ್ಟು ಪೌಂಡ್ ಇಷ್ಟು ಶಿಲ್ಲಿಂಗ್ ಕೊಡಿ ಅನ್ನುವ ಆದೇಶ. ದುಡ್ಡು ಕೊಟ್ಟಾದ ಮೇಲೆ ಮತ್ತೆ ತರಬಾರದು ಅಂತ ಮಧ್ಯದಲ್ಲಿ ಸೀಳಿದ್ದಾರೆ. ಆ ಸೀಳನ್ನು ನೋಡಿದರೆ ಗುಮಾಸ್ತರ ಕೈಯೇ ಕಣ್ಣಿಗೆ ಕಟ್ಟುತ್ತದೆ. ಹಡಗಿನ ಸರಕಿನ ರಸೀದಿಗಳು ಇನ್ನೂ ಸೊಗಸು. ದೇವರ ದಯೆಯಿಂದ ಸರಕು ಏರಿಸಿದ್ದೇವೆ ಅಂತ ಶುರುವಾಗಿ, ಹಡಗನ್ನು ದೇವರು ಸುಖವಾಗಿ ದಡ ಸೇರಿಸಲಿ, ಆಮೆನ್ ಅಂತ ಮುಗಿಯುತ್ತವೆ. ಆದರೆ ಕೈಬರಹ ಓದುವುದಕ್ಕೆ ನನ್ನ ಕಣ್ಣು ಸೋಲುತ್ತದೆ. ಆ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಕಾಗದವನ್ನು ಮೆಲ್ಲಗೆ ತಿನ್ನುತ್ತದೆ. ಹಳೆ ಕೈಬರಹ ಸರಾಗವಾಗಿ ಓದಬಲ್ಲವರು ಇದನ್ನೇ ಹಿಡಿದರೂ ತಪ್ಪಿಲ್ಲ.

ಈಗ ಪತ್ರಿಕೆ.

ಪತ್ರಿಕೆ ಅಂದರೆ ನಾಲ್ಕೇ ಪುಟ. ಒಂದು ದೊಡ್ಡ ಹಾಳೆ, ಮಧ್ಯಕ್ಕೆ ಒಂದು ಮಡಿಕೆ. ನನ್ನದು 1792ರ ಕೊನೆಯ ಭಾಗದ ಬಾಸ್ಟನ್ ಪತ್ರಿಕೆ, 45 ಡಾಲರ್. 230 ವರ್ಷ ದಾಟಿದ ಹಾಳೆಗೆ ಇಬ್ಬರು ಹೋಟೆಲಿನಲ್ಲಿ ಊಟ ಮಾಡುವ ದುಡ್ಡು. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದೆ. ಗ್ರಂಥಾಲಯಗಳು ವರ್ಷವರ್ಷದ ಪತ್ರಿಕೆಗಳನ್ನು ಬೈಂಡ್ ಮಾಡಿ ಇಟ್ಟಿದ್ದವು. ಪುಟಗಳನ್ನು ಚಿಕ್ಕ ಫಿಲಂ ಮೇಲೆ ಫೋಟೋ ತೆಗೆದಿಡುವ ಮೈಕ್ರೋಫಿಲಂ ಬಂದ ಮೇಲೆ ಎಷ್ಟೋ ಸಂಪುಟಗಳನ್ನು ಹೊರಗೆ ಹಾಕಿದವು. ವ್ಯಾಪಾರಿಗಳು ಅವನ್ನು ಬಿಚ್ಚಿ ಒಂದೊಂದೇ ಸಂಚಿಕೆ ಮಾರುತ್ತಾರೆ. ನನ್ನ ಹಾಳೆಯ ಎಡ ಅಂಚಿನಲ್ಲಿ ಹೊಲಿಗೆಯ ತೂತುಗಳು ಸಾಲಾಗಿ ಇವೆ.

ಕಾಗದ ಬಿಳಿಗೆ ಹತ್ತಿರ ಇದೆ. ನಾವು ಊರಲ್ಲಿ ಅಟ್ಟದ ಮೇಲೆ ಇಟ್ಟ ಪತ್ರಿಕೆ ಇಪ್ಪತ್ತು ವರ್ಷಕ್ಕೇ ಹಳದಿಯಾಗಿ ಪುಡಿಯಾಗುತ್ತದಲ್ಲ, ಅದು ಮರದ ತಿರುಳಿನ ಕಾಗದ. ಇದು ಬಟ್ಟೆಯ ಚಿಂದಿಯಿಂದ ಮಾಡಿದ್ದು. ಫಿಲಡೆಲ್ಫಿಯಾದ ಹೊರಗೆ 1690ರಲ್ಲಿ ವಿಲಿಯಂ ರಿಟನ್‌ಹೌಸ್ ಮತ್ತು ಜೊತೆಗಾರರು ಶುರು ಮಾಡಿದ ಅಮೆರಿಕದ ಮೊದಲ ಕಾಗದದ ಗಿರಣಿಯೂ ಹಳೆ ಬಟ್ಟೆಯಿಂದಲೇ ಕಾಗದ ಮಾಡುತ್ತಿತ್ತು. ಹಾಳೆಯನ್ನು ಕಿಟಕಿಗೆ ಹಿಡಿದರೆ ಕಾಗದ ಎತ್ತಿದ ಜಾಲರಿಯ ತಂತಿ ಗೆರೆಗಳು ಕಾಣುತ್ತವೆ. ಸುಮಾರು ಒಂದಿಂಚಿಗೊಂದು ದಪ್ಪ ಗೆರೆ, ನಡುವೆ ಕೂದಲಿನಂಥ ಸಣ್ಣ ಗೆರೆಗಳು. ಹಿಂಬದಿಗೆ ಬೆರಳಾಡಿಸಿದರೆ ಅಚ್ಚುಮೊಳೆ ಒತ್ತಿದ ಉಬ್ಬು ಸಿಗುತ್ತದೆ. ಇದನ್ನು ಯಾವ ನಕಲೂ ಸುಲಭವಾಗಿ ಕೊಡಲಾರದು.

ಎರಡನೇ ಪುಟದ ಮೂರನೇ ಕಾಲಂನಲ್ಲಿ ಲಂಡನ್ನಿನಿಂದ ಬಂದ ಸುದ್ದಿ. ಟಿಪ್ಪುವಿಗೂ ಕಾರ್ನ್‌ವಾಲಿಸ್‌ಗೂ ಒಪ್ಪಂದ ಆಗಿದೆ, ಅರ್ಧ ರಾಜ್ಯ ಬಿಟ್ಟುಕೊಡಬೇಕು, ಇಬ್ಬರು ಮಕ್ಕಳು ಒತ್ತೆ. ಒಂದು ಸಾಲಿನ ಕೊನೆಗೆ ‘ಸೆರಿಂಗ’ ಅಂತ ಮುರಿದು, ಮುಂದಿನ ಸಾಲಿಗೆ ‘ಪಟಾಮ್’ ಅಂತ ಇಳಿದಿದೆ. ಅದರ ಮೇಲೆ ಬೆರಳಿಟ್ಟು ನಾನು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ.

“ನಮ್ಮೂರಿನ ಸುದ್ದಿ ಅಲ್ಲಿಗಂಟ ಹೆಂಗವ್ವ ಹೋಯ್ತು?”

“ಹಡಗಲ್ಲಿ ಅಪ್ಪ. ಮಾರ್ಚಲ್ಲಿ ಆಗಿದ್ದು, ಲಂಡನ್ನಿಗೆ ಹೋಗಿ ಇಲ್ಲಿಗೆ ಬರೋ ಹೊತ್ತಿಗೆ ಅರ್ಧ ವರ್ಷ ಆಗಿದೆ.”

ಅಪ್ಪ ಕನ್ನಡಕ ಹಾಕಿಕೊಂಡು ಮತ್ತೊಂದು ಸಲ ತೋರಿಸು ಅಂದರು.

ಇದು ಆಕಸ್ಮಿಕ ಅಲ್ಲ. ಬ್ರಿಟಿಷರ ವಿರುದ್ಧ ಕಾದಾಡುತ್ತಿದ್ದ ಕಾಲದಿಂದಲೇ ಅಮೆರಿಕದವರಿಗೆ, ಅದೇ ಬ್ರಿಟಿಷರನ್ನು ಎದುರಿಸುತ್ತಿದ್ದ ಮೈಸೂರಿನ ಹೆಸರು ಚೆನ್ನಾಗಿ ಗೊತ್ತಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ‘ಹೈದರ್ ಅಲ್ಲಿ’ ಅಂತಲೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ಕ್ಯಾಪ್ಟನ್ ಜೋಶುವಾ ಬಾರ್ನಿಯ ಕೈಕೆಳಗೆ, ಅದು ತನಗಿಂತ ಜಾಸ್ತಿ ಫಿರಂಗಿ ಇದ್ದ ‘ಜನರಲ್ ಮಾಂಕ್’ ಅನ್ನುವ ಬ್ರಿಟಿಷ್ ಹಡಗನ್ನು ಹಿಡಿಯಿತು. ಹೈದರಾಲಿ ಆಗ ಇನ್ನೂ ಬದುಕಿದ್ದರು. ನಾನು ವಾರಕ್ಕೊಮ್ಮೆ ದಾಟುವ ನದಿ ಹೋಗಿ ಸೇರುವುದು ಅದೇ ಕೊಲ್ಲಿಗೆ.

ಪತ್ರಿಕೆಯಲ್ಲಿ ಮನಸ್ಸಿಗೆ ಭಾರವಾಗುವುದೂ ಇದೆ. ಆಮೇಲೆ ಕೊಂಡ ಒಂದು ಫಿಲಡೆಲ್ಫಿಯಾ ಪತ್ರಿಕೆಯ ಕೊನೆಯ ಪುಟದಲ್ಲಿ ಸಕ್ಕರೆ, ಚಹಾ, ಬಟ್ಟೆಯ ಜಾಹೀರಾತುಗಳ ನಡುವೆಯೇ ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟರೆ ಬಹುಮಾನ ಅನ್ನುವ ಜಾಹೀರಾತು ಇದೆ. ಅವನು ತೊಟ್ಟಿದ್ದ ಅಂಗಿಯ ಬಣ್ಣ, ಅವನ ಮೈಮೇಲಿನ ಗಾಯದ ಗುರುತು ಎಲ್ಲ ಬರೆದಿದ್ದಾರೆ. ಸಿಕ್ಕಿಬೀಳದೆ ಇದ್ದರೆ ಸಾಕು ಅಂತ ಇವತ್ತಿಗೂ ಅನಿಸುತ್ತದೆ. ನೋಟಿನ ಮೇಲಿನ ಎಲೆ ಎಷ್ಟೇ ಚೆಂದ ಇದ್ದರೂ ಆ ಕಾಲವನ್ನು ಹೀಗೆ ಮುಂದಿಡುವುದಿಲ್ಲ.

ಪತ್ರಿಕೆಯಲ್ಲೂ ಮೋಸ ಇಲ್ಲ ಅಂತಲ್ಲ. 1800ರ ಜನವರಿ 4ರ ‘ಅಲ್‌ಸ್ಟರ್ ಕೌಂಟಿ ಗೆಜೆಟ್’ ಅಂತ ಯಾರಾದರೂ ತೋರಿಸಿದರೆ ಕೈ ಕಟ್ಟಿ ನಿಲ್ಲಿ. ವಾಷಿಂಗ್ಟನ್ ತೀರಿಕೊಂಡ ಸುದ್ದಿ ಇರುವ ಸಂಚಿಕೆ ಅದು. ನೆನಪಿಗೆ ಅಂತ 19ನೇ ಶತಮಾನದ ಉದ್ದಕ್ಕೂ ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ. ಅಸಲಿಯೋ ನಕಲೋ ಅಂತ ಕೇಳುವವರು ಎಷ್ಟಾದರು ಅಂದರೆ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಗುರುತು ಹಿಡಿಯುವ ಬಗ್ಗೆ ಒಂದು ತಿಳಿವಳಿಕೆ ಪತ್ರವನ್ನೇ ಹೊರಡಿಸಿತು. ಆದರೆ ಇಂಥ ಹೆಸರಾದ ಸಂಚಿಕೆಗಳು ಬೆರಳೆಣಿಕೆಯಷ್ಟು. ದೊಡ್ಡ ಘಟನೆ ಏನೂ ಇಲ್ಲದ ಮಾಮೂಲಿ ದಿನದ ಪತ್ರಿಕೆಯ ನಕಲು ಮಾಡಿ ಯಾರಿಗೂ ಲಾಭ ಇಲ್ಲ. ನನಗೆ ಬೇಕಾಗಿರುವುದೂ ಆ ಮಾಮೂಲಿ ದಿನವೇ.

ತೊಂದರೆ ಒಂದೇ, ಜಾಗ. ಬಿಡಿಸಿದರೆ ಊಟದ ಮೇಜು ತುಂಬುತ್ತದೆ. ಆಮ್ಲ ಇಲ್ಲದ ರಟ್ಟು, ಪಾಲಿಯೆಸ್ಟರ್ ಹೊದಿಕೆ ಹಾಕಿ ಮಂಚದ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದೇನೆ. ಸೆಲ್ಲೋಟೇಪು, ಲ್ಯಾಮಿನೇಶನ್ ಎರಡೂ ಬೇಡವೇ ಬೇಡ. ಬಿಸಿಲೂ ಬೇಡ.

ನಾನು ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ ಅರ್ಧ ಗಂಟೆ ಓದುವವಳು. ಗೋಡೆಗೆ ಹಾಕುವ ಆಸೆ ಇಲ್ಲ, ಮುಂದೆ ಮಾರುವ ಲೆಕ್ಕವೂ ಇಲ್ಲ. ತಿಂಗಳಿಗೆ 60 ಡಾಲರಿನಲ್ಲಿ ಒಂದು ಪತ್ರಿಕೆ ಬಂದು ಹೊದಿಕೆಗೂ ದುಡ್ಡು ಉಳಿಯುತ್ತದೆ. ಒಂದು ಪತ್ರಿಕೆ ಓದಿ ಮುಗಿಸುವುದಕ್ಕೆ ನನಗೆ ಎರಡು ಮೂರು ವಾರ ಬೇಕು. ದಪ್ಪ ಲಾಭದ ಮೇಲೆ ಕಣ್ಣಿರುವವರಿಗೆ, ಬೀರುವಿನಲ್ಲಿ ಚಿಕ್ಕದಾಗಿ ಇಡಬೇಕು ಅನ್ನುವವರಿಗೆ ನೋಟೇ ಸರಿಹೋಗಬಹುದು.

ಸದ್ಯಕ್ಕೆ ಎರಡು ತಿಂಗಳಿಂದ ಏನೂ ಕೊಂಡಿಲ್ಲ. 1799ರ ಕೊನೆಯ ತಿಂಗಳುಗಳ ಪತ್ರಿಕೆ ಬೇಕು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಸುದ್ದಿ ಇಲ್ಲಿಗೆ ಮುಟ್ಟಿದ್ದು ಆಗ. ಡಿಸೆಂಬರ್ 14ಕ್ಕೆ ವಾಷಿಂಗ್ಟನ್ ತೀರಿಕೊಂಡರು. ಅಲ್ಲಿಂದ ಮುಂದಿನ ಸಂಚಿಕೆಗಳಿಗೆ ಕಪ್ಪು ಅಂಚು ಬಂದು ಬೆಲೆ ಮೂರು ನಾಲ್ಕು ಪಟ್ಟು ಏರುತ್ತದೆ. ನಾನು ಪತ್ರಿಕೆ ತೆಗೆದುಕೊಳ್ಳುವ ವ್ಯಾಪಾರಿಗೆ ಹೇಳಿಟ್ಟಿದ್ದೇನೆ: ಕಪ್ಪು ಅಂಚಿನದು ಬೇಡ, ಅದಕ್ಕೆ ಮುಂಚಿನ ನಾಲ್ಕೈದು ವಾರದ್ದು ಯಾವುದು ಬಂದರೂ ಎರಡನೇ ಪುಟದ ಫೋಟೋ ಕಳಿಸಿ ಅಂತ.