‘ಅರಮನೆ’ಯೋ ‘ಗಾಂಧಿ ಕ್ಲಾಸೋ’: ಕುಂವೀ ಓದು ಎಲ್ಲಿಂದ ಶುರು?

ಎರಡೂ ಕುಂ. ವೀರಭದ್ರಪ್ಪನವರವೇ, ಒಂದು ಕಾದಂಬರಿ, ಇನ್ನೊಂದು ಆತ್ಮಕಥೆ. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ನೋಡಿ ನೇರ ‘ಅರಮನೆ’ಗೆ ಕೈಹಾಕಿದವರು 50 ಪುಟಕ್ಕೇ ಸುಸ್ತಾಗುವುದುಂಟು. ಕಾರಣ ಕಥೆಯಲ್ಲ, ಭಾಷೆ. ಮಾತಷ್ಟೇ ಅಲ್ಲ, ನಿರೂಪಣೆಯೂ ಬಳ್ಳಾರಿ ಸೀಮೆಯ ಆಡುನುಡಿಯಲ್ಲೇ ಇದೆ, ಪಾತ್ರಗಳೋ, ಜಾತ್ರೆ. ಸುಮ್ಮನೆ ಕಣ್ಣಾಡಿಸಿದರೆ ದಕ್ಕದು. ಮೊದಲ ಹತ್ತು ಪುಟ ಬಾಯಿಬಿಟ್ಟು ಓದಿ, ಕಿವಿಗೆ ಲಯ ಹತ್ತುತ್ತದೆ. ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾದಂಬರಿಯಲ್ಲಿ ಬರುವ ಥಾಮಸ್ ಮನ್ರೋ, 1800ರಿಂದ 1807ರವರೆಗೆ ದತ್ತಮಂಡಲದ (ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ-ಕಡಪ ಸೀಮೆ) ಕಲೆಕ್ಟರಾಗಿದ್ದವನು, ಯಾರೆಂದು ಗೊತ್ತಿದ್ದರೆ ಹಿಡಿತ ಬೇಗ ಸಿಗುತ್ತದೆ.

‘ಗಾಂಧಿ ಕ್ಲಾಸು’ ಹಾಗಲ್ಲ. ಬಡತನ, ಆಂಧ್ರದ ಹಳ್ಳಿಗಳಲ್ಲಿ ಮೇಷ್ಟರ ಕೆಲಸ, ಎಲ್ಲವೂ ನಗಿಸುತ್ತಲೇ ಸಾಗುತ್ತದೆ. ಬಳ್ಳಾರಿ-ರಾಯಚೂರು ಬಸ್ಸಿನಲ್ಲೂ ಓದಬಹುದು. ಹೊಸಬರು ಮೊದಲು ಇದನ್ನೇ ತಗೊಳ್ಳಿ. ಬಳ್ಳಾರಿ ಕಡೆಯ ಮಾತು ಮನೆಯಲ್ಲೇ ಇದ್ದವರು ‘ಅರಮನೆ’ಗೆ ನೇರ ನುಗ್ಗಿದರೂ ನಡೆದೀತು.