ಒಂದು ನಿಮಿಷಕ್ಕೆ ಎಷ್ಟು ಬಾರ್? ಆರು ವರ್ಷ ಬಳಸಿದ ಉಸಿರಾಟದ ಸೆಟ್ ಬಗ್ಗೆ

ನಮ್ಮದು ಕುಡಿಯುವ ನೀರು ಶುದ್ಧ ಮಾಡುವ ಘಟಕ. ಕ್ಲೋರಿನ್ ಕೋಣೆಯಲ್ಲಿ 900 ಕೆಜಿ ಕ್ಲೋರಿನ್ ತುಂಬುವ ದೊಡ್ಡ ಸಿಲಿಂಡರುಗಳು, ಅಂದರೆ ಟನ್ನರ್‌ಗಳು ಮಲಗಿರುತ್ತವೆ. ಅಲ್ಲಿಂದ ದೂರ, ಆಫೀಸ್ ಬಾಗಿಲ ಪಕ್ಕದ ಕೆಂಪು ಪೆಟ್ಟಿಗೆಯಲ್ಲಿ ಎರಡು ಉಸಿರಾಟದ ಸೆಟ್ ಇವೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್. ಸೆಟ್‌ಗಳನ್ನು ಕ್ಲೋರಿನ್ ಕೋಣೆಯೊಳಗೇ ನೇತುಹಾಕಿರುವ ಕಡೆಗಳನ್ನೂ ನೋಡಿದ್ದೇನೆ. ಅನಿಲ ಸೋರಿದಾಗ ಅದನ್ನು ತರಲು ಒಳಗೆ ಹೋಗೋದು ಯಾರು ಹೇಳಿ?

ಈ ಸೆಟ್ ತಗೊಂಡು ಆರು ವರ್ಷ ಆಯ್ತು. 6 ಲೀಟರಿನ ಸ್ಟೀಲ್ ಸಿಲಿಂಡರ್, 300 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಕಾರ್ಬನ್ ಫೈಬರ್ ಸಿಲಿಂಡರ್ ಹಗುರ, ಆದರೆ ನಮಗೆ ಮಂಜೂರಾದ ಹಣದಲ್ಲಿ ಎರಡು ಸೆಟ್ ಬೇಕಿತ್ತು. ಒಂದು ಹಗುರವಾದದ್ದಕ್ಕಿಂತ ಎರಡು ಭಾರವಾದದ್ದೇ ವಾಸಿ. ಬೆನ್ನು ನೋಯುತ್ತೆ, ನಿಜ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಸೆಟ್ ಹಾಕಿಕೊಂಡು ಹೊರಗೆ ಸಿದ್ಧವಾಗಿ ನಿಂತಿರಲೇಬೇಕು.

ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ, ಕಾಫಿಗೂ ಮುಂಚೆ, ಎರಡನ್ನೂ ಹೊರಗೆ ತಂದು ಬೆಂಚಿನ ಮೇಲೆ ಇಡುತ್ತೇನೆ. ಸಿಲಿಂಡರ್ ವಾಲ್ವ್ ಮೆಲ್ಲಗೆ ಪೂರ್ತಿ ತೆರೆಯುತ್ತೇನೆ. ಗೇಜ್ ಮುಳ್ಳು ಏರಿ ನಿಲ್ಲುತ್ತದೆ. ಆಮೇಲೆ ವಾಲ್ವ್ ಮುಚ್ಚಿ, ಕೈಗಡಿಯಾರ ನೋಡುತ್ತಾ ಸರಿಯಾಗಿ ಒಂದು ನಿಮಿಷ ಕಾಯುತ್ತೇನೆ. ಈಗ ಗಾಳಿ ಇರೋದು ಪೈಪಿನಲ್ಲಿ ಮಾತ್ರ. ಅಷ್ಟು ಕಡಿಮೆ ಗಾಳಿ ಇರುವುದರಿಂದ ಎಲ್ಲೋ ಒಂದು ಚೂರು ಸೋರಿದರೂ ಮುಳ್ಳು ಇಳಿದುಬಿಡುತ್ತದೆ. ಸಿಲಿಂಡರ್ ತೆರೆದಿಟ್ಟು ನೋಡಿದರೆ ಅದೇ ಸೋರಿಕೆ ಗಂಟೆಗಟ್ಟಲೆ ಕಾದರೂ ಗೊತ್ತಾಗಲ್ಲ.

ಆಮೇಲೆ ಪರ್ಜ್ ಬಟನ್, ಅಂದರೆ ಪೈಪಿನ ಗಾಳಿ ಹೊರಬಿಡುವ ಗುಂಡಿ, ಹಗುರವಾಗಿ ಒತ್ತಿ ಗಾಳಿ ಬಿಡಬೇಕು. ಮುಳ್ಳು ಇಳಿಯುತ್ತಾ ಇಳಿಯುತ್ತಾ 55 ಬಾರ್ ಹತ್ತಿರ ಬಂದಾಗ, ಗಾಳಿ ಮುಗಿಯುತ್ತಾ ಬಂತು ಅಂತ ಎಚ್ಚರಿಸುವ ಸೀಟಿ ಕೂಗುತ್ತದೆ. ಆರು ವರ್ಷದಲ್ಲಿ ಒಂದು ಸಲವೂ ಅದು ಸುಮ್ಮನಿದ್ದದ್ದಿಲ್ಲ. ಆ ಕೂಗು ಕೇಳಿದರೆ ನನಗೆ ವಾರ ಚೆನ್ನಾಗಿ ಶುರುವಾಯಿತು ಅನ್ನಿಸುತ್ತದೆ.

ಕೊನೆಯಲ್ಲಿ ಮಾಸ್ಕ್. ವಾಲ್ವ್ ಮತ್ತೆ ತೆರೆದು ಹಾಕಿಕೊಂಡು, ಆಮೇಲೆ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗಾಳಿಯನ್ನು ಎಳೆದು ಮುಗಿಸಿದರೆ ಅದು ಮುಖಕ್ಕೆ ಕಚ್ಚಿಕೊಳ್ಳಬೇಕು. ತಕ್ಷಣ ವಾಲ್ವ್ ತೆರೆದು, ಕೆನ್ನೆ ಹತ್ತಿರ ರಬ್ಬರಿನ ಅಡಿ ಒಂದು ಬೆರಳು ತೂರಿಸಿದರೆ ಗಾಳಿ ಹೊರಗೆ ನುಗ್ಗಬೇಕು. ಒಳಗಿನ ಒತ್ತಡ ಜಾಸ್ತಿ ಇದ್ದರೆ ತಾನೇ ವಿಷ ಒಳಗೆ ಬರಲ್ಲ? ಗಡ್ಡ ಇದ್ದರೆ ಈ ಪರೀಕ್ಷೆ ಪಾಸಾಗೋದು ಕಷ್ಟ. ಅಯ್ಯಪ್ಪ ಮಾಲೆ ಹಾಕಿದ ನಮ್ಮ ಹುಡುಗರು ಗಡ್ಡ ತೆಗೆಯಲ್ಲ. ಅವರ ವ್ರತ ಮುಗಿಯೋವರೆಗೆ ಸೆಟ್ ಪಟ್ಟಿಯಲ್ಲಿ ಬೇರೆಯವರ ಹೆಸರು ಹಾಕುತ್ತೇವೆ. ಯಾರಿಗೂ ಬೇಜಾರಿಲ್ಲ.

ಈಗ ನನಗೆ ಸಿಟ್ಟು ಬಂದ ವಿಷಯ. ಎರಡನೇ ಸೆಟ್ ಮೊದಲ ನಾಲ್ಕು ವರ್ಷ ನಿಮಿಷಕ್ಕೆ 2 ಬಾರ್ ಇಳಿಯುತ್ತಿತ್ತು. ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಐದನೇ ವರ್ಷ 4 ಆಯಿತು. ಕೆಲವು ವಾರದಲ್ಲಿ 6, ಆಮೇಲೆ 8. ಸರ್ವೀಸ್‌ಗೆ ಬಂದವರು ನೋಡಿ, "10 ಬಾರ್ ಒಳಗಿದೆಯಲ್ಲ ಸಾರ್, ಪಾಸ್" ಅಂದು ಸಹಿ ಹಾಕಿದರು. ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಪೈಪಿನಲ್ಲಿ 8 ಬಾರ್ ಇಳಿದರೆ ಹೋಗುವ ಗಾಳಿ ಬಹಳ ಕಡಿಮೆ. ಆದರೆ 2 ಇದ್ದದ್ದು 8 ಯಾಕಾಯಿತು ಅಂತ ಕೇಳಬೇಡವಾ? ಆ ನೋಟ್‌ಬುಕ್ ಕೈಗೆ ಕೊಟ್ಟರೂ ಅವರು ತೆರೆಯಲಿಲ್ಲ.

ಅವರು ಹೋದ ಮೇಲೆ ನಾನೇ ಸೋಪಿನ ನೀರು ಮಾಡಿ ಬ್ರಷ್‌ನಿಂದ ಒಂದೊಂದು ಜೋಡಣೆಗೂ ಹಚ್ಚಿದೆ. ಉಸಿರೆಳೆದಾಗ ಮಾಸ್ಕಿಗೆ ಗಾಳಿ ಬಿಡುವ ಡಿಮಾಂಡ್ ವಾಲ್ವ್ ಹತ್ತಿರ ಏನೂ ಇಲ್ಲ. ಗೇಜ್ ಹತ್ತಿರ ಏನೂ ಇಲ್ಲ. ಸಿಲಿಂಡರಿಗೆ ತಿರುಗಿಸಿ ಕೂರಿಸುವ ಕಡೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಬಿಚ್ಚಿ ನೋಡಿದರೆ ಸಂದು ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್‌ ಮೇಲೆ ಉಗುರಿನಲ್ಲಿ ಗೀಚಿದಂಥ ಸೀಳು. ಕೈಯಲ್ಲಿ ಬಿಗಿ ಮಾಡಬೇಕಾದ್ದನ್ನು ಯಾರೋ ಸ್ಪ್ಯಾನರ್ ಹಾಕಿ ಬಿಗಿದಿದ್ದರು. ಕೈಯಲ್ಲಿ ತಿರುಗಿಸುವ ಚಕ್ರದ ಅಂಚಿನಲ್ಲಿ ಅದರ ಗುರುತೂ ಇತ್ತು.

ಒಂದು ಊಟಕ್ಕಾಗುವ ದುಡ್ಡಿನ ಆ ರಿಂಗ್ ಬರಲು ಐದು ವಾರ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಬೇರೆ ರಿಂಗ್ ಹಾಕಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. 300 ಬಾರ್ ತಡೆಯುವ ಜಾಗದಲ್ಲಿ ಅಳತೆ, ರಬ್ಬರ್ ಎರಡೂ ಸರಿ ಇರಬೇಕು. ಸೆಟ್‌ಗೆ ಕೆಂಪು ಚೀಟಿ ಕಟ್ಟಿದೆ. ಆ ಐದು ವಾರ ನಮ್ಮ ಹತ್ತಿರ ಇದ್ದದ್ದು ಒಂದೇ ಸೆಟ್. ಅಂದರೆ ಸೋರಿದರೆ ಯಾರೂ ಒಳಗೆ ಹೋಗುವಂತಿಲ್ಲ. ಗಾಳಿ ಬೀಸಿ ಬರುವ ದಿಕ್ಕಿಗೆ ಎಲ್ಲರೂ ಹೊರಟು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡೋದೇ ದಾರಿ. ರಾತ್ರಿ ಪಾಳಿಯಲ್ಲಿ ಸರಿಯಾಗಿ ಕೂರಲೂ ಆಗುತ್ತಿರಲಿಲ್ಲ.

ರಿಂಗ್ ಹಾಕಿದ ಎರಡು ತಿಂಗಳಿಗೆ ಒಂದು ಟನ್ನರ್ ವಾಲ್ವಿನ ಗ್ಲ್ಯಾಂಡ್, ಅಂದರೆ ವಾಲ್ವಿನ ಕಡ್ಡಿ ಸುತ್ತಲಿನ ಸೋರಿಕೆ ತಡೆ, ಸೋರಿತು. ನಾನು ಹಾಕಿದ್ದು ಇದೇ ಎರಡನೇ ಸೆಟ್. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ಸೋರಿಕೆ ಎಲ್ಲಿ ಅಂತ ಹುಡುಕಲು ಅಮೋನಿಯಾ ಬಾಟಲಿ ಹತ್ತಿರ ಹಿಡಿದಾಗ ವಾಲ್ವಿನ ಕುತ್ತಿಗೆಯಲ್ಲಿ ಬಿಳಿ ಹೊಗೆ ಕಟ್ಟಿತು. ಗ್ಲ್ಯಾಂಡ್ ನಟ್ ಬಿಗಿ ಮಾಡಿದೆ, ಹೊಗೆ ನಿಂತಿತು. ಮಾಸ್ಕಿನೊಳಗೆ ತಣ್ಣನೆಯ, ಯಾವ ವಾಸನೆಯೂ ಇಲ್ಲದ ಗಾಳಿ. ಮಾಸ್ಕಿನ ಗಾಜಿಗೆ ಮಂಜೂ ಕಟ್ಟಲಿಲ್ಲ. ಹೊರಗೆ ಬಂದಾಗ ಗೇಜ್ 170 ತೋರಿಸುತ್ತಿತ್ತು. ಈ ಸೆಟ್ ಮಾಡಿದವರಿಗೆ ಅವತ್ತು ಮನಸ್ಸಿನಲ್ಲೇ ಕೈಮುಗಿದೆ.

ತಗೊಳ್ಳಬಹುದಾ ಅಂತ ಕೇಳಿದರೆ, ಸೆಟ್ ತಗೊಳ್ಳಿ. ಆದರೆ ಓ-ರಿಂಗ್‌, ಮಾಸ್ಕಿನ ವಾಲ್ವ್‌ಗಳನ್ನು ಅದೇ ಬಿಲ್ಲಿನಲ್ಲಿ ಹೆಚ್ಚುವರಿಯಾಗಿ ತರಿಸಿಕೊಳ್ಳಿ. 6 ಲೀಟರ್, 300 ಬಾರ್ ಅಂದರೆ 1800 ಲೀಟರ್ ಗಾಳಿ; ಅದಕ್ಕೆ 45 ನಿಮಿಷ ಅನ್ನೋ ಲೆಕ್ಕ ನಿಮಿಷಕ್ಕೆ 40 ಲೀಟರಿನಂತೆ. ಗಾಬರಿಯಲ್ಲಿ, ಸ್ಪ್ಯಾನರ್ ಹಿಡಿದು ಬಗ್ಗಿದಾಗ ಅಷ್ಟು ಹೊತ್ತು ಬರಲ್ಲ. ಸೀಟಿ ಕೂಗಿದ ಮೇಲೆ ಹೊರಡೋಣ ಅಂತ ಕಾಯಬೇಡಿ, ಅದಕ್ಕೂ ಮುಂಚೆಯೇ ಬಾಗಿಲ ಹತ್ತಿರ ಇರಿ.

ಮೊನ್ನೆ ಸೋಮವಾರದ ಲೆಕ್ಕ: ಮೊದಲ ಸೆಟ್ 2 ಬಾರ್, ಎರಡನೇ ಸೆಟ್ 1 ಬಾರ್. ಸ್ಪ್ಯಾನರ್‌ಗಳನ್ನು ಆ ಪೆಟ್ಟಿಗೆಯಿಂದ ತೆಗೆದು ಬೇರೆ ಕಡೆ ಇಟ್ಟಿದ್ದೇನೆ.