ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ನಿಮ್ಮ ವಾಟ್ಸಾಪ್ ಸ್ಕ್ಯಾನ್ ಮಾಡಬೇಡಿ

ಸ್ಕಾಲರ್‌ಶಿಪ್ ಅರ್ಜಿ ಹಾಕೋ ಕಾಲದಲ್ಲಿ ತುಮಕೂರಿನ ಬಿ.ಎಚ್. ರಸ್ತೆ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ದಿನವಿಡೀ ಕೇಳೋ ಮಾತು: "ಫೈಲ್ ಫೋನಲ್ಲಿದ್ಯಾ? ವಾಟ್ಸಾಪ್ ವೆಬ್ ತೆಗ್ದಿದೀನಿ, ಸ್ಕ್ಯಾನ್ ಮಾಡಮ್ಮ." ಮಧುಗಿರಿ ಕಡೆಯಿಂದ ಓದೋಕೆ ಬರೋ ಹುಡುಗಿಯೊಬ್ಬಳು ಪರದೆ ಮೇಲಿನ ಕ್ಯೂಆರ್ ಕೋಡ್ ಹಾಗೇ ಸ್ಕ್ಯಾನ್ ಮಾಡಿ, ತನ್ನ ವಾಟ್ಸಾಪನ್ನು ಅಂಗಡಿ ಕಂಪ್ಯೂಟರಿನಲ್ಲಿ ತೆರೆದು, ಮಾರ್ಕ್ಸ್ ಕಾರ್ಡ್ ಪ್ರಿಂಟ್ ತಗೊಂಡು, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟುಬಿಟ್ಟಳು. ಮೂರು ವಾರ ಕಳೆದ ಮೇಲೆ ಅವಳ ಚಾಟ್‌ಗಳ ಫೋಟೋ ಗೊತ್ತಿಲ್ಲದ ನಂಬರಿನಿಂದ ಅವಳಿಗೇ ಬಂತು.

ಸುಳಿವು ಅದಕ್ಕೂ ಮುಂಚೆಯೇ ಇತ್ತು. ಅವಳು ಮುಟ್ಟದೇ ಇದ್ದ ಮೆಸೇಜ್ ಪಕ್ಕದ ಹಸಿರು ಅಂಕಿ ತಾನಾಗೇ ಅಳಿಸಿಹೋಗಿರುತ್ತಿತ್ತು. ಅಂದರೆ ಬೇರೆ ಕಡೆ ಯಾರೋ ಅದನ್ನು ತೆರೆದು ಓದಿದ್ದಾರೆ.

ಹೆದರಿ ಫೋನಿನ ಪ್ಯಾಟರ್ನ್ ಬದಲಾಯಿಸಿದಳು, ವಾಟ್ಸಾಪಿಗೆ ಆರಂಕಿಯ ಟೂ ಸ್ಟೆಪ್ ಪಿನ್ ಹಾಕಿದಳು. ಇವೆರಡರಿಂದಲೂ ಏನೂ ಆಗಲ್ಲ. ಆ ಪಿನ್ ಕೇಳೋದು ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ಹೊಸದಾಗಿ ನೋಂದಾಯಿಸುವಾಗ. ಈಗಾಗಲೇ ಲಿಂಕ್ ಆಗಿರೋ ಕಂಪ್ಯೂಟರನ್ನು ಅದು ಹೊರಗೆ ಹಾಕಲ್ಲ. ಮೊದಲೆಲ್ಲ ಫೋನಿನ ನೆಟ್ ಆಫ್ ಆದರೆ ಕಂಪ್ಯೂಟರಿನಲ್ಲೂ ವಾಟ್ಸಾಪ್ ನಿಲ್ಲುತ್ತಿತ್ತು, ಈಗ ಹಾಗಿಲ್ಲ. ಒಂದು ಅಕೌಂಟಿಗೆ ಫೋನ್ ಬಿಟ್ಟು ಇನ್ನೂ 4 ಸಾಧನ ಸೇರಿಸಬಹುದು, ಪ್ರತಿಯೊಂದೂ ತನ್ನಷ್ಟಕ್ಕೆ ಮೆಸೇಜ್ ಪಡೆಯುತ್ತೆ. ಮೆಸೇಜನ್ನು ದಾರಿಯಲ್ಲಿ ಬೇರೆಯವರು ಓದದಂತೆ ಬೀಗ ಹಾಕೋ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇಲ್ಲಿ ಕಾಯಲ್ಲ, ಯಾಕಂದ್ರೆ ಆ ಕಂಪ್ಯೂಟರಿಗೆ ಕೀಲಿ ಕೊಟ್ಟವರು ನೀವೇ. ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಲಾಗೌಟ್ ಆಯ್ತು ಅಂದ್ಕೋಬೇಡಿ. ಅಂಗಡಿಯವರೇ ಓದಬೇಕು ಅಂತಲೂ ಇಲ್ಲ, ನಿಮ್ಮ ಹಿಂದೆ ಆ ಕುರ್ಚಿಯಲ್ಲಿ ಕೂತ ಯಾರು ಬೇಕಾದರೂ ಓದಬಹುದು.

ಈಗಲೇ ನೋಡಿ: ವಾಟ್ಸಾಪ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ 'ಲಿಂಕ್ಡ್ ಡಿವೈಸಸ್'ಗೆ ಹೋಗಿ. ಐಫೋನಿನಲ್ಲಾದರೆ ಸೆಟ್ಟಿಂಗ್ಸ್ ಒಳಗಿದೆ. ಬ್ರೌಸರ್ ಹೆಸರು, ಅದರ ಕೆಳಗೆ ಕೊನೆಯದಾಗಿ ಬಳಸಿದ ಸಮಯ ಕಾಣುತ್ತೆ. ನಿಮ್ಮದಲ್ಲದ್ದು ಇದ್ದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಲಾಗೌಟ್. ಆ ಹುಡುಗಿ ಗಾಬರಿಯಲ್ಲಿ ಲಾಗೌಟ್ ಒತ್ತಿಬಿಟ್ಟಳು. ಆ ಸಾಲೇ ಪಟ್ಟಿಯಿಂದ ಹೋಯ್ತು, ದೂರಿಗೆ ಕೊಡೋಕೆ ಕೈಯಲ್ಲಿ ಉಳಿದಿದ್ದು ಆ ಫೋಟೋಗಳು ಮಾತ್ರ. ಹೆಣ್ಣುಮಕ್ಕಳ ಇಂಟರ್‌ನೆಟ್, ಮೆಸೇಜ್ ಬಳಕೆಯನ್ನು ಕದ್ದು ಗಮನಿಸೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ದೂರು ಕೊಡೋದು ಸೈಬರ್ ಅಪರಾಧ ನೋಡಿಕೊಳ್ಳೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ. ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲಿಂಕ್ ಆಗೋಕೆ ಜೆರಾಕ್ಸ್ ಅಂಗಡಿಯೇ ಬೇಕಿಲ್ಲ. ರಿಪೇರಿಗೋ ರೀಚಾರ್ಜಿಗೋ ಲಾಕ್ ಇಲ್ಲದ ಫೋನ್ ಕೊಟ್ಟರೆ ಅರ್ಧ ನಿಮಿಷ ಸಾಕು. ಯಾರೋ 8 ಅಕ್ಷರದ ಕೋಡ್ ಹೇಳಿ "ಇದನ್ನ ವಾಟ್ಸಾಪ್‌ನಲ್ಲಿ ಹಾಕಿ" ಅಂದರೆ ಅದೂ ಇದೇ ಬಾಗಿಲು.

ಪ್ರಿಂಟ್ ಬೇಕಿದ್ದರೆ ಫೋನಿಗೇ ಸಿಕ್ಕಿಸಬಹುದಾದ ಓಟಿಜಿ ಪೆನ್‌ಡ್ರೈವ್ ತಗೊಳ್ಳಿ. ಬೇಕಾದ ಒಂದೇ ಫೈಲ್ ಅದರಲ್ಲಿರಲಿ, ಡೆಸ್ಕ್‌ಟಾಪಿಗೆ ಕಾಪಿ ಮಾಡಿಸದೆ ಪೆನ್‌ಡ್ರೈವ್‌ನಿಂದಲೇ ಪ್ರಿಂಟ್ ಕೊಡಿಸಿ. ಅಂಗಡಿ ನಂಬರಿಗೆ ಕಳಿಸಿ ಆಮೇಲೆ 'ಡಿಲೀಟ್ ಫಾರ್ ಎವ್ರಿವನ್' ಒತ್ತಿದರೂ, ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದ ಫೈಲ್ ಅಲ್ಲೇ ಇರುತ್ತೆ. "ಅಣ್ಣಾ, ಡೌನ್‌ಲೋಡ್ಸ್ ತೋರ್ಸಿ" ಅನ್ನೋಕೆ ಸಂಕೋಚ ಬೇಡ; ಎದುರಲ್ಲೇ ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿಸಿ, ಆಗ ಫೈಲ್ ರೀಸೈಕಲ್ ಬಿನ್‌ಗೂ ಹೋಗಲ್ಲ.

ಆಧಾರ್ ಆದರೆ ಅದನ್ನು ಕೊಡೋ ಪ್ರಾಧಿಕಾರವಾದ ಯುಐಡಿಎಐ ವೆಬ್‌ಸೈಟಿನಲ್ಲಿ ಇಳಿಸಿಕೊಳ್ಳುವಾಗ 'ಮಾಸ್ಕ್ಡ್ ಆಧಾರ್'ಗೆ ಟಿಕ್ ಹಾಕಿ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತೆ. ಪಿಡಿಎಫ್ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನ ಅಂಗಡಿಯಲ್ಲಿ ಕೂಗಿ ಹೇಳದೆ, ನೀವೇ ಟೈಪ್ ಮಾಡಿ.